ಪ್ರಾಣಿಕ್ಷೇಮ: ಕೆಲವು ಮೂಲಭೂತ ವಿಚಾರಗಳು

ಕಾತ್ರಜದಲ್ಲಿ ನೆಲೆಸಿರುವ ನಮ್ಮ ಮನೆಗಳಿಗೆ ಊರಿನಿಂದ ಬಂಧುಗಳು ಬಂದರೆ ಅವರನ್ನು ರಾಜೀವ ಗಾಂಧಿ ಪ್ರಾಣಿಸಂಗ್ರಹಾಲಯಕ್ಕೆ ಕರೆದೊಯ್ಯುವುದು ವಾಡಿಕೆ. ಶ್ರೀ ನೀಲಿಮಕುಮಾರ ಖೈರೆಯವರು 1986ರಲ್ಲಿ ಸ್ಥಾಪಿಸಿದ ಸರ್ಪೋದ್ಯಾನವು ಇಂದು ಅದರ ಒಂದು ಭಾಗವಾಗಿದೆ. 1953ರಲ್ಲಿ ಆರಂಭವಾಗಿದ್ದ ಪೇಶ್ವೆ ಪಾರ್ಕಿನ ಸಂಗ್ರಹಾಲಯವು ನಗರಮಧ್ಯದ ಇಕ್ಕಟ್ಟನ್ನು ಬಿಟ್ಟು ಇಲ್ಲಿಯ ಸುಮಾರು 130 ಎಕರೆಯ ವಿಸ್ತಾರಕ್ಕೆ ಬಂದದ್ದರಲ್ಲಿಯೇ ನಮ್ಮ ವಿಷಯದ ಬೀಜವಿದೆ. ಪಂಜರದ ಪ್ರಾಣಿಗೆ ಹೊತ್ತಿಗೆ ಸರಿಯಾಗಿ ಆಹಾರ ದೊರೆತರೆ ಸಾಕೇ?

ದಯೆ ಎಂಬುದು ನಮ್ಮ ಮನಸ್ಸಿನ ಗುಣ. ಕ್ಷೇಮವಾದರೋ ಪ್ರಾಣಿಯ ಸ್ಥಿತಿ. ಇವೆರಡೂ ಯಾವಾಗಲೂ ಜೊತೆಯಲ್ಲಿರುತ್ತವೆಯೆಂದು ಭಾವಿಸುವುದು ತಪ್ಪು. ನಾಗರಪಂಚಮಿಯಂದು ಹಾವಾಡಿಗನು ಬುಟ್ಟಿಯಲ್ಲಿ ತಂದ ಜೀವಂತ ನಾಗರಕ್ಕೆ ಹಾಲಿಡುವ ಗೃಹಿಣಿಯ ಭಕ್ತಿಯನ್ನು ಯಾರೂ ಸಂಶಯಿಸಲಾರರು. ಆದರೆ ಹಾವು ಮಾಂಸಾಹಾರಿ. ಹಾಲು ಅದರ ಆಹಾರವಲ್ಲ, ಅದನ್ನು ಜೀರ್ಣಿಸಿಕೊಳ್ಳಲೂ ಅದು ಅಸಮರ್ಥ. ಹಬ್ಬಕ್ಕೆ ಮುಂಚೆ ಅನೇಕ ದಿನ ನೀರಿಲ್ಲದೆ ಇರಿಸಲ್ಪಟ್ಟ ಹಾವು ಬಾಯಾರಿಕೆ ತಾಳಲಾರದೆ ಎದುರಿಗೆ ಬಂದ ದ್ರವವನ್ನು ಕುಡಿಯುತ್ತದೆ, ಅಷ್ಟೆ. ವಿಷದ ಹಲ್ಲುಗಳನ್ನು ಕಿತ್ತ ಬಾಯಿ ಕೀವಾಗಿ, ಬೇಟೆಯಾಡಲಾರದೆ, ಅದು ಕೆಲವೇ ವಾರಗಳಲ್ಲಿ ಸಾಯುವುದುಂಟು. ಭಕ್ತಿಗೆ ಕೊರತೆಯಿರಲಿಲ್ಲ, ಹಾವಿಗೆ ಏನು ಬೇಕೆಂಬ ತಿಳಿವಳಿಕೆ ಇರಲಿಲ್ಲ.

ಈ ತಿಳಿವಳಿಕೆಯನ್ನು ಶಾಸ್ತ್ರೀಯವಾಗಿ ಅಳೆಯುವ ಪ್ರಯತ್ನ ಬ್ರಿಟನ್ನಿನಲ್ಲಿ ನಡೆಯಿತು. ಕೋಳಿ, ಕರುಗಳನ್ನು ಕಾರ್ಖಾನೆಯಂತೆ ಸಾಕುವ ಪದ್ಧತಿಯ ಬಗ್ಗೆ ರೂತ್ ಹ್ಯಾರಿಸನ್ ಎಂಬ ಮಹಿಳೆ 1964ರಲ್ಲಿ ಬರೆದ ಗ್ರಂಥವು ಜನರನ್ನು ಕಲಕಿತು. ಮರುವರ್ಷವೇ ಬ್ರಾಂಬೆಲ್ ಸಮಿತಿಯು, ಪ್ರಾಣಿಗೆ ಕನಿಷ್ಠಪಕ್ಷ ಏಳಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಸ್ಥಳವಿರಬೇಕೆಂದಿತು. ಇದು 1979ರ ನಂತರ ‘ಪಂಚ ಸ್ವಾತಂತ್ರ್ಯ’ಗಳಾಗಿ ವಿಸ್ತಾರಗೊಂಡಿತು: ಹಸಿವು ಬಾಯಾರಿಕೆಗಳಿಂದ, ಅನನುಕೂಲದಿಂದ, ನೋವು ಗಾಯ ರೋಗಗಳಿಂದ, ಭಯ ಸಂಕಟಗಳಿಂದ ಬಿಡುಗಡೆ; ಜೊತೆಗೆ ತನ್ನ ಜಾತಿಗೆ ಸಹಜವಾದ ವರ್ತನೆಗೆ ಅವಕಾಶ. ಕೊನೆಯದನ್ನೇ ನಾವು ಹೆಚ್ಚಾಗಿ ಮರೆಯುವುದು. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ದಿನವಿಡೀ ಕಟ್ಟಿಹಾಕಿದ ನಾಯಿಗೆ ಬಿಸ್ಕತ್ತಿಗೇನೂ ಬರವಿಲ್ಲ; ಓಡಾಟ, ಮೂಸಾಟ, ಸಂಗಡಿಗರು ಮಾತ್ರ ಇಲ್ಲ.

ನಮ್ಮ ದೇಶದಲ್ಲಿ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ನಡೆಸಿದ ಪ್ರಯತ್ನದ ಫಲವಾಗಿ 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆ ಬಂದಿತು. 1962ರಲ್ಲಿ ಸ್ಥಾಪಿತವಾದ ಪ್ರಾಣಿಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ನಾಗರವನ್ನು ಹಿಡಿದು ಮನೆಮನೆಗೆ ತೋರಿಸುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರವೂ ಅಪರಾಧ.

ಹಾಗಾದರೆ ಪ್ರಾಣಿಗಳನ್ನು ಉಪಯೋಗಿಸಲೇಬಾರದೇ ಎಂದು ವಾಚಕರು ಕೇಳಬಹುದು. ಕ್ಷೇಮಶಾಸ್ತ್ರವು ಹಾಗೆ ಹೇಳುವುದಿಲ್ಲ. ಹಾವು ಕಡಿದವನನ್ನು ಬದುಕಿಸುವ ಪ್ರತಿವಿಷವು ಕುದುರೆಯ ರಕ್ತದಿಂದ ತಯಾರಾಗುತ್ತದೆ. ಕುದುರೆಗೆ ವಿಷವನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸುತ್ತಾ ಚುಚ್ಚಿದರೆ ಅದರ ರಕ್ತದಲ್ಲಿ ವಿಷನಿರೋಧಕ ದ್ರವ್ಯವು ಹುಟ್ಟುತ್ತದೆ. ಒಮ್ಮೆಗೆ ಎಷ್ಟು ರಕ್ತ ತೆಗೆಯಬೇಕು, ಎಷ್ಟು ವಿಶ್ರಾಂತಿ ಕೊಡಬೇಕು, ಚುಚ್ಚಿದ ಜಾಗ ಹುಣ್ಣಾಗದಂತೆ ಏನು ಮಾಡಬೇಕು, ಮುದಿಯಾದ ಕುದುರೆಯ ಗತಿಯೇನು – ಇವೆಲ್ಲ ಕ್ಷೇಮದ ಪ್ರಶ್ನೆಗಳೇ. ಮನುಷ್ಯನ ಪ್ರಾಣ ಮತ್ತು ಕುದುರೆಯ ನೋವು ಒಂದೇ ಬಾಟಲಿಯಲ್ಲಿರುವಾಗ ಉತ್ತರ ಸುಲಭವಲ್ಲವೆಂದೇ ನನ್ನ ಅಭಿಪ್ರಾಯ.

ಆ ಬಾಟಲಿಯು ಆಸ್ಪತ್ರೆಯಲ್ಲಿ ಮಾತ್ರ ಸಿಗುತ್ತದೆ. ಮಳೆಗಾಲದಲ್ಲಿ ಘಾಟಿನ ಬುಡದ ನಮ್ಮ ಬಡಾವಣೆಗಳಿಗೆ ಹಾವು ಬಂದರೆ ಕೋಲೆತ್ತಬೇಡಿ. ದೂರ ನಿಂತು, ಮಕ್ಕಳನ್ನು ಹಿಂದೆ ಸರಿಸಿ, ತರಬೇತಾದ ಸರ್ಪಮಿತ್ರರನ್ನೋ ಅರಣ್ಯ ಇಲಾಖೆಯನ್ನೋ ಕರೆಯಿರಿ. ಕಡಿದಲ್ಲಿ ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಕೂಡದು. ಉಂಗುರ, ಬಳೆಗಳನ್ನು ತೆಗೆದು, ಕಡಿದ ಅಂಗ ಅಲುಗದಂತೆ ಇರಿಸಿ, ರೋಗಿಯನ್ನು ನಡೆಸದೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಹಾವನ್ನು ಕೊಂದು ಒಯ್ಯುವ ಅವಶ್ಯಕತೆಯಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ.