ಸಮುದ್ರದ ಹರಿವನ್ನು ವಿದ್ಯುತ್ತಿನಿಂದ ಅಳೆಯುವ ಬಗೆ

ಮಳೆಗಾಲದಲ್ಲಿ ಶಿವಮೊಗ್ಗೆಯ ಸೇತುವೆಯ ಮೇಲೆ ನಿಂತು ತುಂಗೆಯ ಹೊನಲನ್ನು ನೋಡದ ವಿದ್ಯಾರ್ಥಿನಿಯು ನಮ್ಮಲ್ಲಿ ವಿರಳ. ಆ ಹೊನಲಿನ ವೇಗವನ್ನು ತಿಳಿಯಬೇಕಾದರೆ ಮರದ ತುಂಡೊಂದನ್ನು ತೇಲಬಿಟ್ಟು ಗಡಿಯಾರವನ್ನು ಹಿಡಿದು ನಿಂತರೆ ಸಾಕು. ಆದರೆ ದಡವೇ ಕಾಣದ ಸಮುದ್ರದ ಒಳಹರಿವನ್ನು ಅಳೆಯುವುದೆಂತು? ನೀರು ತಾನೇ ಹುಟ್ಟಿಸುವ ವಿದ್ಯುತ್ತಿನಿಂದ ಅದನ್ನು ತಿಳಿಯಬಹುದು.

ಜೋಗದಲ್ಲಿ 1948ರಲ್ಲಿ ಆರಂಭವಾದ ವಿದ್ಯುದಾಗಾರವನ್ನು ನೋಡಿಬಂದವರಿಗೆ ಇದರ ಮೂಲತತ್ತ್ವವು ಪರಿಚಿತವೇ ಆಗಿದೆ. ಅಯಸ್ಕಾಂತದ ಪ್ರಭಾವವಿರುವೆಡೆಯಲ್ಲಿ ವಾಹಕವೊಂದು ಚಲಿಸಿದರೆ ಅದರಲ್ಲಿ ವಿದ್ಯುತ್ತು ಉಂಟಾಗುವುದು. ಶರಾವತಿಯ ನೀರು ಅಲ್ಲಿ ಯಂತ್ರವನ್ನು ತಿರುಗಿಸುವುದಷ್ಟೆ. ಅದೇ ನೀರು ಹೊನ್ನಾವರದ ಬಳಿ ಕಡಲನ್ನು ಸೇರಿ ಉಪ್ಪಾದ ಮೇಲೆ ಯಂತ್ರದ ಹಂಗೂ ಇಲ್ಲ. ಉಪ್ಪುನೀರೇ ವಾಹಕ, ಭೂಮಿಯೇ ಅಯಸ್ಕಾಂತ.

ಈ ತತ್ತ್ವವನ್ನು 1831ರಲ್ಲಿ ಕಂಡುಹಿಡಿದ ಮೈಕೇಲ್ ಫ್ಯಾರಡೆಯು ಒಬ್ಬ ಕಮ್ಮಾರನ ಮಗನು. 1923ರಿಂದ ಕಬ್ಬಿಣದ ಕೆಲಸದಿಂದಲೇ ಹೆಸರಾದ ಭದ್ರಾವತಿಯವರಿಗೆ ಈ ಸಂಗತಿಯು ಪ್ರಿಯವಾಗದಿರದು. ಆತನು 1832ರ ಜನವರಿಯಲ್ಲಿ ಲಂಡನ್ನಿನ ವಾಟರ್ಲೂ ಸೇತುವೆಯ ಮೇಲೆ 960 ಅಡಿ ತಂತಿಯನ್ನು ಹಾಸಿ, ಅದರ ತುದಿಗಳಲ್ಲಿ ತಗಡುಗಳನ್ನು ಕಟ್ಟಿ ಥೇಮ್ಸ್ ನದಿಯಲ್ಲಿ ಇಳಿಯಬಿಟ್ಟನು. ಮುಳ್ಳು ಅಲ್ಲಾಡಿತು, ಆದರೆ ಅದು ನದಿಯ ಹರಿವಿನಿಂದಲ್ಲ, ನೀರಿಗೂ ತಗಡಿಗೂ ನಡೆದ ರಾಸಾಯನಿಕ ಕ್ರಿಯೆಯಿಂದ. ಪ್ರಯೋಗವು ಫಲಿಸಲಿಲ್ಲ. ಅದನ್ನು ಆತನು ಮರೆಮಾಡದೆ ಬರೆದಿಟ್ಟನು. ತತ್ತ್ವವೇನೋ ಸರಿಯಾಗಿಯೇ ಇದ್ದಿತು. 1851ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ತಂತಿವಾರ್ತೆಯ ಕೇಬಲಿನಲ್ಲಿ ಭರತ ಇಳಿತಗಳೊಡನೆ ಏರಿಳಿಯುವ ವಿದ್ಯುತ್ತನ್ನು ವೊಲ್ಲಾಸ್ಟನ್ ಎಂಬವನು ಕಂಡನು.

ಭೂಮಿಯ ಅಯಸ್ಕಾಂತಬಲದಲ್ಲಿ ಕೆಳಮುಖವಾದ ಭಾಗವೇ ಇಲ್ಲಿ ಕೆಲಸಕ್ಕೆ ಬರುವುದು. ನಮ್ಮ ಉತ್ತರಾರ್ಧಗೋಳದಲ್ಲಿ ಪ್ರವಾಹವು ಹೋಗುವ ಕಡೆಗೆ ಮುಖಮಾಡಿ ನಿಂತರೆ ಎಡದಂಡೆಯು ಧನವೂ ಬಲದಂಡೆಯು ಋಣವೂ ಆಗುವುದು. ವೇಗವು ಹೆಚ್ಚಿದಷ್ಟೂ ವೋಲ್ಟೇಜು ಹೆಚ್ಚುವುದು. ಫ್ಲಾರಿಡಾಕ್ಕೂ ಬಹಾಮ ದ್ವೀಪಗಳಿಗೂ ನಡುವಣ ಹಳೆಯ ದೂರವಾಣಿ ಕೇಬಲಿನಿಂದ 1982ರಿಂದ ಮೊದಲ್ಗೊಂಡು, ನಡುವೆ ಕೆಲಕಾಲ ಬಿಟ್ಟು, ಸುಮಾರು ನಾಲ್ವತ್ತು ವರ್ಷ ಹೀಗೆಯೇ ಅಳೆದರು. ಅಲ್ಲಿ ಸೆಕೆಂಡಿಗೆ ಸುಮಾರು 3 ಕೋಟಿ 20 ಲಕ್ಷ ಘನಮೀಟರ್ ನೀರು ಹರಿಯುವುದೆಂದು ತಿಳಿದುಬಂದಿತು.

ನಮ್ಮ ನಾಡಿನಲ್ಲಿ ಈ ಕಾರ್ಯವು ಅಷ್ಟು ಸುಲಭವಲ್ಲ. ಸೂಜಿಗಲ್ಲನ್ನು ಸಮತೂಕವಾಗಿ ತೂಗುಬಿಟ್ಟರೆ ಅದು ಲಂಡನ್ನಿನಲ್ಲಿ ಸುಮಾರು 66 ಡಿಗ್ರಿ ಬಾಗುವುದು. ಶಿವಮೊಗ್ಗೆಯಲ್ಲಿ 15 ಡಿಗ್ರಿಯ ಆಸುಪಾಸು ಮಾತ್ರ. ಕೆಳಮುಖಬಲವು ಅಲ್ಲಿಯದರ ನಾಲ್ಕನೆಯ ಒಂದು ಪಾಲಿನಷ್ಟೇ. ನೂರು ಮೀಟರ್ ಅಗಲದ ಹೊಳೆಯು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿದರೆ ಇಲ್ಲಿ ದೊರೆಯುವುದು ಒಂದು ಮಿಲಿವೋಲ್ಟಿನಷ್ಟು. ಕೈದೀಪದ ಒಂದು ಸೆಲ್ಲಿನಲ್ಲಿ ಅದರ 1500 ಪಟ್ಟು ಇರುವುದು! ಫ್ಯಾರಡೆಯ ತಗಡುಗಳ ತೊಂದರೆಯು ಇಲ್ಲಿ ನಾಲ್ಮಡಿಯಾಗಿ ಕಾಡದಿರದು.

ಆದರೂ ಈ ವಿಷಯವನ್ನು ವಿಜ್ಞಾನಿಗಳು ಕೈಬಿಟ್ಟಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯು ನಮ್ಮ ಕರಾವಳಿಯಲ್ಲಿ ಎಷ್ಟು ಮನೆಗಳನ್ನು ಬರಿದುಮಾಡಿತೆಂಬುದನ್ನು ಹೇಳಬೇಕಾಗಿಲ್ಲ. ಅಂಥ ತೆರೆಯು ಕಡಲೊಳಗಿನ ಕೇಬಲುಗಳಲ್ಲಿ ಅರ್ಧ ವೋಲ್ಟಿನವರೆಗೆ ವಿದ್ಯುತ್ತನ್ನು ಹುಟ್ಟಿಸಬಲ್ಲದೆಂಬ ಲೆಕ್ಕವೊಂದು 2010ರಲ್ಲಿ ಪ್ರಕಟವಾಯಿತು. ತೆರೆಯು ದಡವನ್ನು ಮುಟ್ಟುವ ಮೊದಲೇ ಕೇಬಲು ಅದನ್ನು ಅರುಹಬಲ್ಲುದೇ ಎಂಬುದೇ ಪ್ರಶ್ನೆ. ಅಡಚಣೆಯು ಮೇಲಿನಿಂದಲೂ ಉಂಟು: ದಕ್ಷಿಣ ಭಾರತದ ತುದಿಯ ಮೇಲ್ಗಡೆ, ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ, ಹಗಲಿನಲ್ಲಿ ಪ್ರಬಲವಾದೊಂದು ವಿದ್ಯುತ್ಪ್ರವಾಹವು ಹರಿಯುವುದು. ಮಧ್ಯಾಹ್ನದ ಹೊತ್ತಿಗೆ ಅದರ ಗದ್ದಲವೇ ಅಧಿಕ; ಕತ್ತಲಾದ ಮೇಲೆ ಅದು ಅಡಗುವುದು, ಆಗ ಕಡಲಿನ ಕ್ಷೀಣವಾದ ಸಂಜ್ಞೆಯನ್ನು ಆಲಿಸಲು ಅನುಕೂಲವಾಗುವುದು.