ಗದ್ದೆ ಮಿಂಚುಳ್ಳಿ: ಗುರುತು ಮತ್ತು ಸ್ವಭಾವ

ಮಿಂಚುಳ್ಳಿಯೆಂದೊಡನೆ ಅದು ಮೀನು ಕದಿಯುವ ಹಕ್ಕಿಯೆಂದು ರೈತರಲ್ಲಿ ಬಹುಮಂದಿ ಭಾವಿಸುವರು. ಮೀನುಮರಿ ಸಾಕುವವರು ಕಂಡಲ್ಲಿ ಕವಣೆ ಬೀಸುವುದೂ ಉಂಟು. ಆದರೆ ನಮ್ಮ ಸೀಮೆಯ ಮಿಂಚುಳ್ಳಿಗಳೆಲ್ಲ ಒಂದೇ ಜಾತಿಯವಲ್ಲ. ನೀರಿಲ್ಲದ ಹೊಲ ತೋಟಗಳಲ್ಲಿಯೂ ಕಾಣುವ ಗದ್ದೆ ಮಿಂಚುಳ್ಳಿಯು ಮೀನಿಗಿಂತ ಹುಳುಹುಪ್ಪಟೆಗಳಿಂದಲೇ ಹೆಚ್ಚಾಗಿ ಜೀವಿಸತಕ್ಕುದು.

ಇದು ಗೊರವಂಕಕ್ಕಿಂತ ತುಸು ದೊಡ್ಡದು. ಉದ್ದ ಸುಮಾರು 11 ಅಂಗುಲ. ತಲೆ ಹೊಟ್ಟೆಗಳು ಕಂದು, ಬೆನ್ನು ಬಾಲಗಳು ಹೊಳೆಯುವ ನೀಲಿ, ಗಂಟಲು ಎದೆಗಳು ಅಚ್ಚ ಬಿಳಿ. ಕೊಕ್ಕು ನೀಳವಾಗಿ ಕೆಂಪಾಗಿರುವುದು. ಹಾರುವಾಗ ರೆಕ್ಕೆಯಲ್ಲಿ ಬಿಳಿಯ ಮಚ್ಚೆ ತೋರುವುದು. ಗಂಡು ಹೆಣ್ಣುಗಳಿಗೆ ಬಣ್ಣದಲ್ಲಿ ಭೇದವಿಲ್ಲ. ಗುಬ್ಬಿಗಿಂತ ಸ್ವಲ್ಪ ದೊಡ್ಡದಾಗಿ ಕಿತ್ತಳೆ ಹೊಟ್ಟೆಯುಳ್ಳದ್ದೂ, ನೀರಿನ ಮೇಲೆ ರೆಕ್ಕೆ ಬಡಿಯುತ್ತ ನಿಲ್ಲುವ ಕಪ್ಪುಬಿಳುಪಿನದೂ ಬೇರೆ ಜಾತಿಗಳು. ಮುಖ್ಯವಾಗಿ ಮೀನು ತಿನ್ನುವುವು ಅವೇ.

ಗದ್ದೆ ಮಿಂಚುಳ್ಳಿಯು ಗೂಟ, ತಂತಿ, ಒಣಕೊಂಬೆಗಳ ಮೇಲೆ ಅಲುಗದೆ ಕುಳಿತು ನೆಲವನ್ನು ದಿಟ್ಟಿಸುತ್ತಿದ್ದು, ಒಮ್ಮೆಲೇ ಎರಗಿ, ಹಿಡಿದುದನ್ನು ಕೊಂಬೆಗೆ ಬಡಿದು ನುಂಗುವುದು. ಮಿಡತೆ, ಚಿಮ್ಮಂಡೆ, ಜರಿ, ಓತಿಕ್ಯಾತ, ಇಲಿಮರಿ ಇವು ಇದರ ಆಹಾರ. ಬದುವನ್ನು ತೂತುಮಾಡಿ ನೀರು ಸೋರಿಸುವ ಏಡಿಯನ್ನೂ ಬಿಡದು. ಕಪ್ಪೆಯನ್ನೂ ಒಮ್ಮೊಮ್ಮೆ ಸಣ್ಣ ಹಕ್ಕಿಗಳ ಮರಿಗಳನ್ನೂ ತಿನ್ನುವುದು ನಿಜ. ಆದರೂ ಲೆಕ್ಕ ಹಾಕಿದರೆ ರೈತನಿಗೆ ಲಾಭವೇ ಮಿಗಿಲು. ಸಂಶಯವಿದ್ದವರು ಅದು ದಿನವೂ ಕುಳಿತುಕೊಳ್ಳುವ ಗೂಟದ ಕೆಳಗೆ ನೋಡಬಹುದು: ಜೀರ್ಣವಾಗದೆ ಕಾರಿದ ಉಂಡೆಗಳಲ್ಲಿ ಹುಳುಗಳ ರೆಕ್ಕೆಯ ಚೂರು, ಏಡಿಯ ಚಿಪ್ಪು ಸಿಕ್ಕುವುವು.

ಬೇಸಗೆಯಿಂದ ಮಳೆಗಾಲದವರೆಗೆ ಹಳ್ಳದ ದಡ, ಕಲ್ಲು ಕಟ್ಟದ ಬಾವಿ, ರಸ್ತೆಗಾಗಿ ಕಡಿದ ದಿಣ್ಣೆಗಳ ಕಡಿದಾದ ಮಣ್ಣಿನಲ್ಲಿ ಒಂದೂವರೆಯಿಂದ ಮೂರಡಿ ಆಳದ ಬಿಲ ಕೊರೆದು, ನಾಲ್ಕರಿಂದ ಏಳು ಬಿಳಿಯ ದುಂಡು ಮೊಟ್ಟೆಗಳನ್ನಿಡುವುದು. ಕಾಲುವೆ, ಬಾವಿಗಳ ದುರಸ್ತಿಯೂ ಅನೇಕ ವೇಳೆ ಇದೇ ಕಾಲದಲ್ಲಿ ನಡೆಯುವುದರಿಂದ ಗೂಡುಗಳು ಗುದ್ದಲಿಗೆ ಸಿಕ್ಕಿ ನಾಶವಾಗುವುವು. ಹಕ್ಕಿಯು ಬಿಲದೊಳಗೆ ಹೋಗಿಬರುವುದು ಕಂಡುಬಂದಲ್ಲಿ, ಗ್ರಾಮದ ಮುಖಂಡರು ಆ ಒಂದು ಮಾರು ಭಾಗವನ್ನು ಮಾತ್ರ ಬಿಟ್ಟು ಉಳಿದ ಕೆಲಸ ಮಾಡಿಸತಕ್ಕದ್ದು. ಮೊಟ್ಟೆಯಿಟ್ಟಂದಿನಿಂದ ಮರಿಗಳು ಹೊರಬೀಳಲು ಸುಮಾರು ಆರು ವಾರ ಸಾಕು.

ಮೀನುಮರಿಗಳ ಹೊಂಡಕ್ಕೆ ಇದರ ಕಾಟವಾದರೆ ಹೊಂಡದ ಮೇಲೆ ಬಲೆ ಹರಡಿ, ಅಂಚಿನಲ್ಲಿರುವ ಗೂಟಗಳನ್ನು ಕೀಳಬೇಕು. ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಕಿತ್ತ ಗೂಟಗಳನ್ನು ಬತ್ತದ ಗದ್ದೆಯ ಬದುವಿನಲ್ಲಿ ನೆಟ್ಟರೆ ಹಕ್ಕಿಯು ಅಲ್ಲಿಗೆ ಬಂದು ಕುಳಿತುಕೊಳ್ಳುವುದು.