ಹಳೆ ಮನೆಯ ವ್ಯಾಪಾರ: ಲಾಭ ಎಲ್ಲಿಯವರೆಗೆ ಹಲಾಲ್?

ಗಲ್ಫ್‌ನಿಂದ ಮರಳಿ ಬಂದ ನಮ್ಮ ಜಮಾಅತ್‌ನ ಹಿರಿಯರೊಬ್ಬರು ಈಗ ಹಳೆ ಮನೆಗಳ ವ್ಯಾಪಾರ ಮಾಡುತ್ತಾರೆ. ಹಂಚಿನ ಮನೆಯೊಂದನ್ನು ಅಗ್ಗಕ್ಕೆ ಕೊಂಡು, ಗೆದ್ದಲು ತಿಂದ ಪಕ್ಕಾಸುಗಳನ್ನು ಬದಲಿಸಿ, ಬಚ್ಚಲಿಗೆ ಟೈಲ್ಸ್ ಹಾಕಿ, ಬಣ್ಣ ಬಳಿದು ಲಾಭಕ್ಕೆ ಮಾರುತ್ತಾರೆ. ಒಂದು ದಿನ ಮಗ್ರಿಬ್ ನಮಾಝಿನ ಬಳಿಕ ನನ್ನ ಬಳಿ ಬಂದು ಕುಳಿತರು.

"ಉಸ್ತಾದ್, ಹತ್ತಕ್ಕೆ ಕೊಂಡು ಹದಿನೈದಕ್ಕೆ ಮಾರುವುದು ಹಲಾಲೇ?" ಎಂದು ಕೇಳಿದರು. ಸ್ವಲ್ಪ ತಡೆದು ಎರಡನೆಯ ಪ್ರಶ್ನೆಯನ್ನೂ ಕೇಳಿದರು: "ಹಿಂದಿನ ಗೋಡೆಯಲ್ಲಿ ಅಡಿಪಾಯದಿಂದಲೇ ಎದ್ದ ಬಿರುಕಿತ್ತು. ಸಿಮೆಂಟ್ ತುಂಬಿಸಿ ಬಣ್ಣ ಹೊಡೆಸಿದ್ದೇನೆ. ಕೊಳ್ಳುವವರು ಆ ಬಗ್ಗೆ ಏನೂ ಕೇಳಲಿಲ್ಲ. ಕೇಳದಿದ್ದರೂ ನಾನು ಹೇಳಬೇಕೇ?"

ಮೊದಲನೆಯದಕ್ಕೆ ಉತ್ತರ ಸುಲಭ. ಅಲ್ಲಾಹನು ವ್ಯಾಪಾರವನ್ನು ಸಮ್ಮತಗೊಳಿಸಿ ಬಡ್ಡಿಯನ್ನು ನಿಷಿದ್ಧಗೊಳಿಸಿರುವನೆಂದು ಅಲ್‌ಬಕರ ಅಧ್ಯಾಯದ 275ನೇ ಸೂಕ್ತದಲ್ಲಿದೆ. ಒಂದು ಆಡು ತರಲೆಂದು ಪ್ರವಾದಿವರ್ಯರು(ಸ) ಉರ್ವಾ ಅಲ್‌ಬಾರಿಕೀ(ರ)ರಿಗೆ ಒಂದು ದೀನಾರ್ ಕೊಟ್ಟಿದ್ದರು. ಅವರು ಅದರಲ್ಲಿ ಎರಡು ಆಡು ಕೊಂಡು, ಒಂದನ್ನು ಒಂದು ದೀನಾರಿಗೆ ಮಾರಿ, ಆಡನ್ನೂ ದೀನಾರನ್ನೂ ತಂದೊಪ್ಪಿಸಿದರು. ಪ್ರವಾದಿವರ್ಯರು(ಸ) ಅದನ್ನು ಆಕ್ಷೇಪಿಸಲಿಲ್ಲ, ಅವರ ವ್ಯಾಪಾರದಲ್ಲಿ ಬರಕತ್ತಿಗಾಗಿ ಪ್ರಾರ್ಥಿಸಿದರು. ಇದು ಬುಖಾರಿಯಲ್ಲಿರುವ ವರದಿ. ಲಾಭಕ್ಕೆ ಶೇಕಡಾ ಇಷ್ಟೇ ಎಂಬ ಮಿತಿ ಇಲ್ಲ. ಪಾಳುಬಿದ್ದ ಮನೆಯನ್ನು ವಾಸಯೋಗ್ಯಗೊಳಿಸುವವನು ಬಂಡವಾಳವನ್ನೂ ಶ್ರಮವನ್ನೂ ಹಾಕುತ್ತಾನೆ, ನಷ್ಟದ ಭಯವನ್ನೂ ಹೊರುತ್ತಾನೆ. ಅವನಿಗೆ ಸಿಗುವ ಲಾಭವನ್ನು ಅನುಮಾನದಿಂದ ನೋಡಬೇಕಾಗಿಲ್ಲ.

ಕಷ್ಟವಿರುವುದು ಎರಡನೆಯದರಲ್ಲಿ. ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಾಗಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿದ ಪ್ರವಾದಿವರ್ಯರು(ಸ), ವಂಚಿಸುವವನು ತನ್ನವನಲ್ಲ ಎಂದರು. ಸಹೀಹ್ ಮುಸ್ಲಿಮ್‌ನ ಈ ಹದೀಸ್ ನಮಗೆಲ್ಲ ಗೊತ್ತು. ಆದರೆ ಒಂದು ಮಾತನ್ನು ಗಮನಿಸಿ. ಮಳೆ ಬಂದದ್ದು ಆ ವ್ಯಾಪಾರಿಯ ತಪ್ಪಲ್ಲ, ಅವನು ಬಾಯಿಬಿಟ್ಟು ಸುಳ್ಳು ಹೇಳಿದನೆಂದೂ ಹದೀಸ್‌ನಲ್ಲಿಲ್ಲ. ಒಣಗಿದ್ದು ಮೇಲಿತ್ತು, ಒದ್ದೆ ಕೆಳಗಿತ್ತು, ಅಷ್ಟೇ. ಬಿರುಕಿನ ಮೇಲೆ ಬಣ್ಣ ಬಳಿದು ಸುಮ್ಮನಿರುವುದು ಇದಕ್ಕಿಂತ ಹೇಗೆ ಭಿನ್ನ?

ದುರಸ್ತಿ ಬೇರೆ, ಮರೆಮಾಚುವುದು ಬೇರೆ. ಗೆದ್ದಲು ಹಿಡಿದ ಪಕ್ಕಾಸನ್ನು ಕಿತ್ತು ಹೊಸದು ಹಾಕಿದರೆ ಆ ದೋಷ ಹೋಯಿತು. ಸೋರುವ ತಾರಸಿಯ ಅಡಿಗೆ ಫಾಲ್ಸ್ ಸೀಲಿಂಗ್ ಕಟ್ಟಿದರೆ, ತೇವ ಹಿಡಿದ ಗೋಡೆಗೆ ಕಪಾಟು ಜೋಡಿಸಿದರೆ ದೋಷ ಅಲ್ಲೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಮೇ ತಿಂಗಳಲ್ಲಿ ಬಾವಿ ಬತ್ತುತ್ತದೆಂದು ತಿಳಿದೂ ನವೆಂಬರಿನಲ್ಲಿ ತುಂಬಿದ ಬಾವಿ ತೋರಿಸಿ ಮಾರುವವರೂ ಇದ್ದಾರೆ.

"ಇದ್ದ ಹಾಗೆ ಮಾರುತ್ತಿದ್ದೇನೆ, ಆಮೇಲೆ ನನ್ನನ್ನು ಕೇಳಬೇಡಿ" ಎಂದು ಕರಾರು ಬರೆಸಿಕೊಂಡರೆ ಸಾಕೇ? ಇಂಥ ಷರತ್ತಿನ ಸಿಂಧುತ್ವದ ಬಗ್ಗೆ ಕರ್ಮಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ತಿಳಿದ ದೋಷವನ್ನು ಬಚ್ಚಿಟ್ಟ ಪಾಪ ಕಾಗದದಿಂದ ಹೋಗದು. ಕೊಳ್ಳುವವನು ಮುಸ್ಲಿಮನಲ್ಲದಿದ್ದರೆ ಸಡಿಲಿಕೆ ಇದೆಯೆಂದು ಕೆಲವರು ಪಿಸುಗುಡುವುದನ್ನು ಕೇಳಿದ್ದೇನೆ. ನಾಚಿಕೆಗೇಡಿನ ಮಾತು. ವಂಚನೆ ಯಾರೊಂದಿಗೂ ಹಲಾಲಲ್ಲ. ನೆಲದ ಕಾನೂನು ಸಹ ಇದನ್ನೇ ಹೇಳುತ್ತದೆ: ಮಾರುವವನಿಗೆ ತಿಳಿದಿರುವ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ ಮುಖ್ಯ ದೋಷವನ್ನು ತಿಳಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಮಿನಲ್ಲಿದೆ. ಹಕ್ಕುಪತ್ರದ ದೋಷಕ್ಕೂ ಇದು ಅನ್ವಯ.

ಮೇಸ್ತ್ರಿ, ಪೈಂಟರ್, ಬ್ರೋಕರ್‌ಗಳಿಗೂ ಇಲ್ಲಿ ಹೊಣೆಯಿದೆ. ಒಂಟೆ ಕೊಂಡು ಹೊರಟವನ ಹಿಂದೆ ಓಡಿದ ಸಹಾಬಿ ವಾಸಿಲಾ ಇಬ್ನುಲ್ ಅಸ್ಕಅ್(ರ), ಅದರ ಗೊರಸಿನಲ್ಲಿ ಗಾಯವಿದೆ, ದೂರದ ಪ್ರಯಾಣಕ್ಕಾಗದು ಎಂದು ತಿಳಿಸಿದರು. ಅವರು ಮಾರಿದವರೂ ಅಲ್ಲ, ಕೊಂಡವರೂ ಅಲ್ಲ. ವ್ಯಾಪಾರ ಕೆಡಿಸಿದಿರೆಂದು ಮಾರಿದವನು ಗೊಣಗಿದಾಗ, ದೋಷ ತಿಳಿದವನು ಹೇಳದಿರುವುದು ಸಮ್ಮತವಲ್ಲವೆಂಬ ಪ್ರವಾದಿವಚನವನ್ನು ನೆನಪಿಸಿದರು.

ನಮ್ಮ ಹಿರಿಯರು ಇದನ್ನೆಲ್ಲ ಕೇಳಿ ಏನೂ ಹೇಳದೆ ಎದ್ದು ಹೋದರು. ಎರಡು ವಾರದ ನಂತರ ಸಿಕ್ಕಾಗ, ಮೇಸ್ತ್ರಿಯೊಂದಿಗೆ ಹೋಗಿ ಗೋಡೆ ತೋರಿಸಿದ್ದಾಗಿ ತಿಳಿಸಿದರು. ಕೊಳ್ಳುವವರು ಒಂದೂವರೆ ಲಕ್ಷ ಇಳಿಸಿದರಂತೆ. "ಲಾಭದ ಮುಕ್ಕಾಲು ಹೋಯಿತು ಉಸ್ತಾದ್" ಎಂದರು. ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ನಾನೂ ಉಪದೇಶ ಮಾಡಲಿಲ್ಲ.

ಈ ವ್ಯಾಪಾರದಲ್ಲಿರುವವರು ಇನ್ನೂ ಕೆಲವನ್ನು ತಿಳಿದಿರಬೇಕು. ಎಷ್ಟಕ್ಕೆ ಕೊಂಡಿರಿ, ಎಷ್ಟು ಖರ್ಚಾಯಿತು ಎಂಬುದನ್ನು ಹೇಳಲೇಬೇಕೆಂದಿಲ್ಲ. ಹೇಳಿದರೆ ನಿಜ ಹೇಳಬೇಕು. ನಾಲ್ಕು ಲಕ್ಷದ ರಿಪೇರಿಯನ್ನು ಏಳು ಲಕ್ಷ ಎನ್ನುವುದು ಶುದ್ಧ ಸುಳ್ಳು. ಮುಂಗಡ ಕೊಟ್ಟು ಕರಾರು ಮಾಡಿಕೊಂಡ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ. ನಮ್ಮದಲ್ಲದ್ದನ್ನು ಮಾರಬಾರದೆಂದು ಪ್ರವಾದಿವರ್ಯರು(ಸ) ಹಕೀಮ್ ಇಬ್ನು ಹಿಝಾಮ್(ರ)ರಿಗೆ ತಿಳಿಸಿದ್ದರು.

ನೆರೆಯವರನ್ನೂ ಮರೆಯಬಾರದು. ಅಬೂ ರಾಫಿಅ್(ರ) ತಮ್ಮ ಎರಡು ಕೋಣೆಗಳಿಗೆ ಬೇರೆಯವರಿಂದ 500 ದೀನಾರ್ ಸಿಗುತ್ತಿದ್ದರೂ ನೆರೆಯವರಾದ ಸಅದ್(ರ)ರಿಗೆ 4,000 ದಿರ್ಹಮಿಗೆ, ಅದೂ ಕಂತುಗಳಲ್ಲಿ ಕೊಟ್ಟರು. ನೆರೆಯವನಿಗೆ ಹೆಚ್ಚಿನ ಹಕ್ಕಿದೆಯೆಂದು ಪ್ರವಾದಿವರ್ಯರಿಂದ(ಸ) ಕೇಳಿರದಿದ್ದರೆ ಹಾಗೆ ಕೊಡುತ್ತಿರಲಿಲ್ಲವೆಂದೂ ಹೇಳಿದರು. ಈ ಹಕ್ಕು ಜಂಟಿ ಒಡೆಯನಿಗೆ ಮಾತ್ರವೆಂದು ಶಾಫಿಈಗಳೂ ನೆರೆಯವನಿಗೂ ಇದೆಯೆಂದು ಹನಫಿಗಳೂ ಹೇಳುತ್ತಾರೆ. ಯಾವ ಮದ್‌ಹಬ್ ಆದರೂ, ಮಾರುವ ಮುನ್ನ ಪಕ್ಕದ ಮನೆಯವರಿಗೆ ಒಂದು ಮಾತು ಹೇಳುವುದರಿಂದ ನಷ್ಟವೇನಿದೆ?

ಕೊನೆಗೆ ಝಕಾತ್. ವಾಸಕ್ಕೆಂದು ಕೊಂಡ ಮನೆಗೆ ಝಕಾತ್ ಇಲ್ಲ. ಮಾರುವ ಉದ್ದೇಶದಿಂದಲೇ ಕೊಂಡ ಮನೆ ವ್ಯಾಪಾರದ ಸರಕು. ವರ್ಷ ತುಂಬಿದ ದಿನ ಕೊಂಡ ಬೆಲೆಯನ್ನಲ್ಲ, ಅಂದಿನ ಪೇಟೆ ಬೆಲೆಯನ್ನು ಲೆಕ್ಕ ಹಾಕಬೇಕು. ಮನೆ ಅಂದು 30 ಲಕ್ಷ ಬಾಳುತ್ತಿದ್ದರೆ ಶೇಕಡಾ ಎರಡೂವರೆಯಂತೆ 75,000 ರೂಪಾಯಿ. ಕೆಲಸ ಅರ್ಧಕ್ಕೆ ನಿಂತಿದ್ದರೆ, ಅದೇ ಸ್ಥಿತಿಯಲ್ಲಿ ಅಂದು ಸಿಗಬಹುದಾದ ಬೆಲೆಯೇ ಲೆಕ್ಕ.